ಬಾಲ್ದಿಯ ಸದ್ದು

ಪಶುಗಳಿಗೆ ನೆನಪು ಕಡಿಮೆಯೆಂದು ಹಟ್ಟಿಯಿರುವ ಮನೆಯಲ್ಲಿ ಬೆಳೆದವರಾರೂ ಹೇಳಲಾರರು. ಕಾಪುವಿನ ನಮ್ಮ ಮನೆಯಲ್ಲಿ ಅಕ್ಕಚ್ಚಿನ ಬಾಲ್ದಿ ಸದ್ದಾದರೆ ಸಾಕು, ಬೈಲಿನಲ್ಲಿ ಮೇಯುತ್ತಿದ್ದ ದನ ಕಿವಿ ನಿಮಿರಿಸಿ ಹಟ್ಟಿಯತ್ತ ಹೊರಡುತ್ತಿತ್ತು. ಸದ್ದಿನಿಂದ ಹೊಟ್ಟೆ ತುಂಬದು. ಆದರೂ ಆಹಾರದ ಸಹವಾಸದಿಂದ ಅದಕ್ಕೂ ರುಚಿ ಹತ್ತಿರುತ್ತದೆ.

ಇಂಥ ಸೂಚನೆಗೆ ಇನ್ನೊಂದು ಶಕ್ತಿಯೂ ಉಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, 21 ದಿನ ಬಂಧನದ ಕ್ಲೇಶದಿಂದ ನೆನಪು ಮಂದವಾಗಿದ್ದ ಇಲಿಗಳಿಗೆ, ತಾವೇ ಕೀಲನ್ನೊತ್ತಿ ಮಿದುಳಿಗೆ ಸುಖ ತಂದುಕೊಳ್ಳುವ ಅವಕಾಶವಿತ್ತಾಗ ನೆನಪು ಮರಳಿತು. ಅಲ್ಲಿದ್ದುದು ಸುಖವೇ. ಕೆನಡದ ಗೆಲ್ಫ್ ವಿಶ್ವವಿದ್ಯಾನಿಲಯದವರು 2019ರಲ್ಲಿ ಅದರ ಸೂಚನೆಯನ್ನಷ್ಟೇ ಪರೀಕ್ಷಿಸಿದರು. ಇಲಿಗಳಿಗೆ ಹೊಸ ವಸ್ತುಗಳನ್ನು ತೋರಿಸಿ, ಒಡನೆಯೇ, ಹಿಂದೆ ಕೊಕೇನ್ ದೊರೆತಿದ್ದ ಗೂಡಿನಲ್ಲಿರಿಸಿದರು. ಈ ಸಲ ಕೊಕೇನ್ ಕೊಡಲಿಲ್ಲ. ಆದರೂ ವಸ್ತುಗಳ ನೆನಪು ಗಟ್ಟಿಯಾಯಿತು. ಕಲಿತದ್ದು ಮಿದುಳಿನಲ್ಲಿ ಕ್ಷಣಮಾತ್ರದಲ್ಲಿ ನೆಲೆಯೂರದು. ಅದಿನ್ನೂ ಹಸಿಯಾಗಿರುವಾಗ ಸುಖದ ನೆರಳು ಬಿದ್ದರೂ ಭದ್ರವಾಗುತ್ತದೆ.

ಇಲಿಯ ನ್ಯಾಯ ಕೋಣಕ್ಕೆ ಪೂರ್ತಿ ಹೊಂದೀತೆಂದು ನನ್ನ ವಾದವಲ್ಲ. ಆದರೂ ಕಾರ್ಕಳದ ಮಿಯ್ಯಾರಿನಲ್ಲಾಗಲಿ, ಕಟಪಾಡಿಯಲ್ಲಾಗಲಿ, ಕಂಬಳಕ್ಕೆ ಕೋಣಗಳನ್ನು ಪಳಗಿಸುವವರು ಓಟ ಮುಗಿದ ಮೇಲಿನ ಗಳಿಗೆಯನ್ನು ಅಲಕ್ಷಿಸಬಾರದು. ಬೆತ್ತದ ನೆನಪೂ ಬಹುಕಾಲ ಉಳಿಯುತ್ತದೆ. ಬೆತ್ತ ಹಿಡಿದವನ ಅಂಜಿಕೆಯೂ ಜೊತೆಯಲ್ಲೇ ಉಳಿಯುತ್ತದೆ. ಪಾಠ ಒಪ್ಪಿಸಿದ ಮಗುವಿಗೆ ಮರುಗಳಿಗೆಯಲ್ಲಿ ನಮ್ಮಿಂದ ಸಿಗುವುದೇನೆಂದು ವಾಚಕರೂ ಯೋಚಿಸಿ ನೋಡಬೇಕು.