ಬೆಂಕಿಯ ನೆಲದ ಮೇಲೆ ಈರ್ಯಾಸಮಿತಿ

ಶ್ರಾವಕನ ನಡಿಗೆಗೂ ಒಂದು ಪ್ರಯೋಜನವಿರಬೇಕೆಂಬುದು ನಮ್ಮ ಪೂರ್ವಾಚಾರ್ಯರ ಅಭಿಪ್ರಾಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ನಿಷ್ಕಾರಣವಾಗಿ ನೆಲ ಅಗೆಯುವುದು, ಗಿಡ ಕಡಿಯುವುದು ಮೊದಲಾದುವುಗಳ ಸಾಲಿನಲ್ಲಿಯೇ ಗುರಿಯಿಲ್ಲದ ತಿರುಗಾಟವನ್ನೂ ಸೇರಿಸಿದ್ದಾರೆ. ತಾನು ತಿರುಗುವುದು ಮಾತ್ರವಲ್ಲ, ಇತರರನ್ನು ತಿರುಗಿಸುವುದೂ ಅಲ್ಲಿ ಪ್ರಮಾದಚರ್ಯೆಯೆಂದೇ ಎಣಿಕೆಯಾಗಿದೆ. ಹಾಗಾದರೆ ಕೇವಲ ಸಂತೋಷಕ್ಕಾಗಿ ಕಾಡು ಬೆಟ್ಟಗಳಲ್ಲಿ ನಡೆಯುವ ಪ್ರವಾಸವು ಯಾವ ಲೆಕ್ಕಕ್ಕೆ ಸಲ್ಲುತ್ತದೆ?

ಈ ಪ್ರಶ್ನೆ ನನಗೂ ನನ್ನ ಪತ್ನಿಗೂ ನೇರವಾಗಿ ಎದುರಾದದ್ದು ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪದಲ್ಲಿ. ಅಮೆರಿಕೆಯ ಈ ದ್ವೀಪಸಮೂಹದಲ್ಲಿ ಎಲ್ಲಕ್ಕಿಂತ ದೊಡ್ಡದಾದ ಈ ದ್ವೀಪವು ಜ್ವಾಲಾಮುಖಿಗಳಿಂದಲೇ ನಿರ್ಮಿತವಾದುದು. ಅಲ್ಲಿನ ಕಿಲಾವೆಯಾ ಪರ್ವತವು 2018ರಲ್ಲಿ ಉಕ್ಕಿದಾಗ ಏಳುನೂರಕ್ಕೂ ಹೆಚ್ಚು ಮನೆಗಳು ಲಾವಾರಸದ ಪಾಲಾದುವು. ಎಂಟು ದಿನ ಕಾಲ್ನಡಿಗೆಯಲ್ಲಿ ಈ ನೆಲವನ್ನು ನೋಡಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು.

ಕಿಲಾವೆಯಾದ ಪಕ್ಕದಲ್ಲಿಯೇ ಕಿಲಾವೆಯಾ ಇಕಿ ಎಂಬ ಕುಳಿಯಿದೆ. 1959ರ ನವೆಂಬರ್ ತಿಂಗಳಲ್ಲಿ ಅಲ್ಲಿ ಚಿಮ್ಮಿದ ಬೆಂಕಿಯ ಕಾರಂಜಿ ಸುಮಾರು 580 ಮೀಟರ್ ಎತ್ತರಕ್ಕೆ ಏರಿತ್ತು. ಕುಳಿಯೊಳಗೆ ತುಂಬಿದ ಲಾವಾರಸದ ಸರೋವರ ಪೂರ್ತಿ ಗಟ್ಟಿಯಾಗಲು ದಶಕಗಳೇ ಹಿಡಿದುವು. ಇಂದು ಮಳೆಕಾಡಿನ ಅಂಚಿನಿಂದ ಸುಮಾರು 120 ಮೀಟರ್ ಕೆಳಗಿಳಿದು ಆ ಕಪ್ಪು ನೆಲವನ್ನು ದಾಟಬಹುದು. ಬಿರುಕುಗಳಿಂದ ಈಗಲೂ ಹಬೆಯೇಳುತ್ತದೆ. ಬೆಂಕಿಯಲ್ಲಿ ಬೆಂದ ಈ ನೆಲವನ್ನು ಪ್ರಾಸುಕವೆನ್ನಬಹುದಲ್ಲವೇ ಎಂದು ಮೇಲಿನಿಂದ ನೋಡುತ್ತ ನಾನು ಕೇಳಿದೆ. ನನ್ನ ಪತ್ನಿ ಉತ್ತರವಾಗಿ ಬಿರುಕುಗಳ ನಡುವೆ ಅಲ್ಲಲ್ಲಿ ಕಾಣುತ್ತಿದ್ದ ಹಸಿರನ್ನು ತೋರಿಸಿದಳು.

ಆ ಹಸಿರು ಓಹಿಯಾ ಎಂಬ ಮರದ ಸಸಿಗಳದು. ತಣಿದ ಲಾವಾದ ಮೇಲೆ ಮೊದಲು ಬೇರೂರುವ ಸಸ್ಯಗಳಲ್ಲಿ ಇದು ಮುಖ್ಯವಾದುದು. ಇದರ ಕೆಂಪು ಹೂವಿನ ಮಕರಂದವನ್ನು ಅಲ್ಲಿನ ಪುಟ್ಟ ಹಕ್ಕಿಗಳು ಹೀರುತ್ತವೆ. ದ್ವೀಪದ ಮಳೆಕಾಡುಗಳು ಬಹುಮಟ್ಟಿಗೆ ಇದರ ಆಶ್ರಯದಲ್ಲಿಯೇ ನಿಂತಿವೆ. ಇಂತಹ ಮರಕ್ಕೆ ಈಗ ಒಂದು ಬೂಷ್ಟಿನ ರೋಗ ತಗುಲಿದೆ. 2014ರಲ್ಲಿ ಇದರ ಕಾರಣವನ್ನು ಗುರುತಿಸಲಾಯಿತು. ತೊಗಟೆಯ ಗಾಯದ ಮೂಲಕ ಒಳಹೊಕ್ಕ ಬೂಷ್ಟು ಮರದ ನೀರಿನ ನಾಳಗಳನ್ನು ಮುಚ್ಚುತ್ತದೆ. ತಿಂಗಳುಗಟ್ಟಲೆ ಹೊರಗೆ ಯಾವ ಕುರುಹೂ ಇರದು. ಬಳಿಕ ಕೆಲವೇ ದಿನಗಳಲ್ಲಿ ಇಡೀ ಮರ ಕಂದಿಹೋಗುತ್ತದೆ. ಹೀಗೆ ಸತ್ತ ಮರಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿದೆ. ಈ ರೋಗ ಹರಡುವ ಹಾದಿಗಳಲ್ಲಿ ನಡೆಯುವವರ ಪಾದರಕ್ಷೆಗೆ ಅಂಟಿದ ಮಣ್ಣೂ ಒಂದು.

ಆದುದರಿಂದ ಕಾಡಿನ ದಾರಿ ಆರಂಭವಾಗುವೆಡೆಯಲ್ಲಿ ಕುಂಚವನ್ನೂ ಮದ್ಯಸಾರದ ದ್ರಾವಣವನ್ನೂ ಇಟ್ಟಿರುತ್ತಾರೆ. ಮೊದಲು ತಳದ ಮಣ್ಣನ್ನು ಉಜ್ಜಿ ತೆಗೆಯಬೇಕು. ಅನಂತರ ದ್ರಾವಣವನ್ನು ಸಿಂಪಡಿಸಬೇಕು. ಕುಂಚವನ್ನು ಕಂಡೊಡನೆ ನನಗೆ ಮುನಿಗಳ ಪಿಂಛಿಯ ನೆನಪಾಯಿತು. ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ನಡೆಯುವ ಈರ್ಯಾಸಮಿತಿಯೂ ಅಂಗಾಲಿಗೆ ಅಂಟಿ ಬಂದುದನ್ನು ಕಾಣಲಾರದು. ಪ್ರಮಾರ್ಜನೆ ಬೇಕಾಗುವುದು ಅಲ್ಲಿಯೇ.

ನನ್ನ ಪತ್ನಿಗೆ ಕುಂಚದ ವಿಷಯದಲ್ಲಿ ಆಕ್ಷೇಪವಿರಲಿಲ್ಲ. ದ್ರಾವಣದ ಸೀಸೆಯನ್ನು ಮಾತ್ರ ಆಕೆ ಮುಟ್ಟಲಿಲ್ಲ. "ಪಿಂಛಿಯು ಜೀವಿಯನ್ನು ಪಕ್ಕಕ್ಕೆ ಸರಿಸುತ್ತದೆ, ಇದು ಕೊಲ್ಲುತ್ತದೆ. ಬೂಷ್ಟೂ ಏಕೇಂದ್ರಿಯ, ಮರವೂ ಏಕೇಂದ್ರಿಯ. ಒಂದನ್ನು ಉಳಿಸಲು ಇನ್ನೊಂದನ್ನು ತಿಳಿದೂ ತಿಳಿದೂ ಕೊಲ್ಲಬಹುದೇ?" ಎಂದು ಕೇಳಿದಳು. ಮರವನ್ನು ಆಶ್ರಯಿಸಿದ ಹಕ್ಕಿ ಹುಳುಗಳ ಮಾತನ್ನು ನಾನು ಎತ್ತಿದೆ. ಸಿಂಪಡಿಸದೆ ನಡೆದರೆ ಕೈ ಶುದ್ಧವಾಗಿ ಉಳಿದೀತೇ ಹೊರತು ಕಾಲು ಶುದ್ಧವಾಗದು ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಸಿಂಪಡಿಸದೆ ನಡೆಯುವ ಅಧಿಕಾರ ನಮಗಿಲ್ಲ, ನಿಜ. ಆದರೆ ನಡೆಯದೆ ಹಿಂದಿರುಗುವ ಸ್ವಾತಂತ್ರ್ಯ ಇದೆಯಲ್ಲ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೊಲ್ಲುವ ಪ್ರಸಂಗವನ್ನು ತಂದದ್ದು ಸೀಸೆಯಲ್ಲ, ನಮ್ಮ ಬರುವಿಕೆ. ಕಾಡಿನ ಬಾಗಿಲಿನಲ್ಲಿ ನಿಂತು ಮಾಡುವ ತರ್ಕವು ನಿಜವಾಗಿ ಮನೆಯಲ್ಲಿ ಕುಳಿತು ದಿನ, ದಾರಿಗಳನ್ನು ಗೊತ್ತುಮಾಡುವಾಗಲೇ ನಡೆಯಬೇಕಾದುದು. ಗುಣವ್ರತಗಳಲ್ಲಿ ದಿಗ್ವ್ರತವನ್ನು ಮೊದಲಿಗಿಟ್ಟುದರ ಅರ್ಥ ನನಗೆ ಅಲ್ಲಿ ಹೊಳೆಯಿತು. ದಿಕ್ಕುಗಳಿಗೆ ಎಲ್ಲೆ ಹಾಕಿಕೊಂಡವನು ಆ ಎಲ್ಲೆಯಾಚೆಗಿನ ಸಮಸ್ತ ಜೀವಿಗಳಿಗೆ, ಅವುಗಳ ಹೆಸರು ಅರಿಯದೆಯೇ, ಅಭಯವನ್ನು ಕೊಡುತ್ತಾನೆ.

ಕೊನೆಗೆ ನಾವು ಅಲ್ಲಿಯೇ ಒಂದು ನಿಯಮ ಮಾಡಿಕೊಂಡೆವು. ಆ ಒಂದು ದಾರಿಯನ್ನು ಒಮ್ಮೆ ಮಾತ್ರ, ಉಜ್ಜಿ, ಸಿಂಪಡಿಸಿ, ಗುರುತಿನ ಕಲ್ಲುಗುಪ್ಪೆಗಳನ್ನು ಬಿಟ್ಟು ಕದಲದೆ ನಡೆಯುವುದು. ಪಟ್ಟಿಯಲ್ಲಿದ್ದ ಮಳೆಕಾಡಿನ ಬೇರೆ ದಾರಿಗಳನ್ನೂ, ಇನ್ನೊಂದು ದ್ವೀಪಕ್ಕೆ ಹೋಗುವ ವಿಚಾರವನ್ನೂ ಬಿಡುವುದು. ಉಳಿದ ದಿನಗಳಲ್ಲಿ ಕಡಲಿನ ಕಡೆಗೆ ಇಳಿಯುವ ಡಾಂಬರು ರಸ್ತೆಯ ಮೇಲೆ ನಡೆದೆವು. ಲಾವಾರಸ ಹರಿದು ಮುಚ್ಚಿದುದರಿಂದ ಆ ರಸ್ತೆ ಸಮುದ್ರದ ಬಳಿ ತಾನಾಗಿಯೇ ಮುಗಿಯುತ್ತದೆ. ನಮ್ಮದು ದೇಶವ್ರತದ ಒಂದು ಅಲ್ಪಾಂಶ, ಅಷ್ಟೆ. ಆದರೂ ನೋಡಿದ ಸ್ವಲ್ಪವನ್ನು ನಾವು ಚೆನ್ನಾಗಿ ನೋಡಿದೆವು.

ತಂದು ಹಾಕುವುದರಂತೆಯೇ ಎತ್ತಿ ಒಯ್ಯುವುದರಲ್ಲಿಯೂ ಹಿಂಸೆಯಿದೆ. ಆ ರಾಷ್ಟ್ರೀಯ ಉದ್ಯಾನದಿಂದ ಕಲ್ಲನ್ನು ಒಯ್ಯುವುದು ನಿಷಿದ್ಧ. ಒಯ್ದ ಅನೇಕರು, ಜ್ವಾಲಾಮುಖಿಯ ಅಧಿದೇವತೆ ಪೆಲೆ ಮುನಿಯುವಳೆಂಬ ಅಂಜಿಕೆಯಿಂದ, ಅಂಚೆಯ ಮೂಲಕ ಕಲ್ಲುಗಳನ್ನು ಹಿಂದಿರುಗಿಸುತ್ತಾರೆ. ನಮಗೆ ಅಂಜಿಕೆಯ ಅಗತ್ಯವಿಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನವೆಂಬ ಅರಿವೇ ಸಾಕು.

ಶಾಲೆಗಳಿಗೆ ರಜೆ ಬಂದೊಡನೆ ನಮ್ಮ ಕುಟುಂಬಗಳು ಪ್ರವಾಸ ಹೊರಡುತ್ತವೆ. ಬಸದಿಯ ಟ್ರಸ್ಟುಗಳು ಯಾತ್ರೆಗಳನ್ನು ಏರ್ಪಡಿಸುತ್ತವೆ. ತೀರ್ಥಯಾತ್ರೆಗೆ ಪ್ರಯೋಜನವಿದೆ, ಸಂಶಯವಿಲ್ಲ. ಆದರೆ ಯಾತ್ರೆಯ ಜೊತೆಗೆ ಪೋಣಿಸುವ ಜಲಪಾತ, ಅಭಯಾರಣ್ಯ, ಗಿರಿಧಾಮಗಳ ಪಟ್ಟಿಯನ್ನು ಬರೆಯುವವರು, ಇತರರನ್ನು ತಿರುಗಿಸುವುದನ್ನೂ ಆಚಾರ್ಯರು ಲೆಕ್ಕಕ್ಕೆ ಹಿಡಿದಿದ್ದಾರೆಂಬುದನ್ನು ನೆನೆಯಬೇಕು. ಪಟ್ಟಿಯಿಂದ ಒಂದು ಸ್ಥಳವನ್ನು ಕೈಬಿಟ್ಟರೆ ಯಾತ್ರಿಕರಿಗೆ ನಷ್ಟವೇನಿಲ್ಲ; ಅಲ್ಲಿನ ಜೀವಿಗಳಿಗೆ ಲಾಭವಿದೆ. ಬೂಷ್ಟು ಮತ್ತು ಮರದ ನಡುವಿನ ಪ್ರಶ್ನೆಯನ್ನು ನನ್ನ ಪತ್ನಿ ಇನ್ನೂ ಬಿಟ್ಟಿಲ್ಲ. ಬಲ್ಲವರು ಈ ಪುಟಗಳಲ್ಲಿ ಅದಕ್ಕೆ ಸಮಾಧಾನ ತಿಳಿಸಿದರೆ ಇಬ್ಬರೂ ಕೃತಜ್ಞರಾಗಿರುತ್ತೇವೆ.