ಡ್ರೈಯರ್ ತಿರುಗುತ್ತೆ, ಬಿಸಿಯಾಗಲ್ಲ

ಒಂದು ಗಂಟೆ ತಿರುಗಿದರೂ ಮಗುವಿನ ಬಟ್ಟೆ ಒದ್ದೆಯೇ. ಜನವರಿಯ ಮಿನೆಸೋಟಾದಲ್ಲಿ ಹೊರಗೆ ಹರವಿದರೆ ಬಟ್ಟೆ ಹಪ್ಪಳದ ಹಾಗೆ ಸೆಟೆದು ನಿಲ್ಲುತ್ತೆ. ಬಾಣಂತನಕ್ಕೆಂದು ತೀರ್ಥಹಳ್ಳಿಯಿಂದ ಬಂದಿದ್ದ ಅತ್ತೆ, "ಬಚ್ಚಲೊಲೆ ಇದ್ದಿದ್ರೆ ಮೇಲೊಂದು ಹಗ್ಗ ಕಟ್ಟಿದ್ರೆ ಸಾಕಿತ್ತು" ಅಂದರು. ಮಲೆನಾಡಿನವರಿಗೆ ಎಲ್ಲ ಒದ್ದೆಗೂ ಅದೇ ಮದ್ದು!

ಅಮೆರಿಕದ ಎಲೆಕ್ಟ್ರಿಕ್ ಡ್ರೈಯರ್‌ಗೆ 240 ವೋಲ್ಟ್ ಬರೋದು ತಲಾ 120ರ ಎರಡು ತಂತಿಗಳಿಂದ. ಮೋಟರ್‌ಗೆ ಒಂದೇ ಸಾಕು, ಹೀಟರ್‌ಗೆ ಎರಡೂ ಬೇಕು. ಹಾಗಾಗಿ ಡ್ರಮ್ ತಿರುಗುತ್ತಿದೆ ಅಂದ ಮಾತ್ರಕ್ಕೆ ಕರೆಂಟ್ ಪೂರ್ತಿ ಬರ್ತಿದೆ ಅಂತಲ್ಲ. ಬ್ರೇಕರ್ ಆಫ್ ಮಾಡಿ ಆನ್ ಮಾಡಿದೆ. ಊಹೂಂ. ಪ್ಲಗ್ ಕಿತ್ತು, ಹಿಂದಿನ ತಗಡು ಬಿಚ್ಚಿ, ಮಲ್ಟಿಮೀಟರ್ ಹಿಡಿದೆ. ಹೀಟರ್ ಕಾಯಿಲ್ ಚೆನ್ನಾಗಿತ್ತು. ಅದರ ಡಬ್ಬಿ ಮೇಲಿನ ಥರ್ಮಲ್ ಕಟ್‌ಆಫ್ ಸತ್ತಿತ್ತು.

ಪುಟ್ಟ ಬಿಲ್ಲೆಯಂಥ ಭಾಗ, ಆದರೆ ಸುಮ್ಮನೆ ಸಾಯುವಂಥದ್ದಲ್ಲ. ಗಾಳಿ ಹೊರಹೋಗದೆ ಡಬ್ಬಿ ಮಿತಿಮೀರಿ ಕಾದಾಗ ತಾನು ಹೋಗಿ ಮನೆ ಉಳಿಸುತ್ತೆ. ಹೊಸದು ಹಾಕಿ ಕೈತೊಳೆದುಕೊಂಡರೆ ಅದೂ ಹೋಗುತ್ತೆ ಅಷ್ಟೇ.

ಗೋಡೆಯಾಚೆ ಹೋಗುವ ಕೊಳವೆ ಎಳೆದೆ. ಒಂದು ತಲೆದಿಂಬಿಗಾಗುವಷ್ಟು ಬೂದು ಜುಂಗು! ಅತ್ತೆ ಒಂದು ಚಿಟಿಕೆ ಸಿಂಕಿನಲ್ಲಿಟ್ಟು ಕಡ್ಡಿ ಗೀರಿದರು. ಭುಗ್ ಅಂತು. ಆ ಗೋಡೆಯ ಇನ್ನೊಂದು ಬದಿಗೆ ತೊಟ್ಟಿಲಿದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಸುಕ್ಕುಸುಕ್ಕಾದ ಫಾಯಿಲ್ ಕೊಳವೆ ಎಸೆದು, ಒಳಗೆ ನುಣುಪಾಗಿರುವ ಗಟ್ಟಿ ಲೋಹದ್ದು ಹಾಕಿದೆ. ಜೊತೆಗೆ ಹೊಸ ಕಟ್‌ಆಫ್. ಈಗ ಮುಕ್ಕಾಲು ಗಂಟೆಗೆ ಬಟ್ಟೆ ಗರಿಗರಿ. ಪ್ರತಿ ಸಲ ಜಾಲರಿ ತೆಗೆದು ಜುಂಗು ಬಳಿಯೋದು ಅತ್ತೆಯೇ. ನನ್ನ ಕೈಗೆ ಕೊಡಲ್ಲ.