ಕೋಪನ್‌ಹೇಗನ್‌ನಲ್ಲಿ ಕಾಯಿಹೂರಣದ ಪೇಸ್ಟ್ರಿ

ಕೋಪನ್‌ಹೇಗನ್‌ನಲ್ಲಿ ಹಳೇ ಬೇಕರಿ ಹುಡುಕೋಕೆ ಮ್ಯಾಪ್ ಬೇಡ, ತಲೆ ಎತ್ತಿ ನೋಡಿದರೆ ಸಾಕು. ಬಾಗಿಲ ಮೇಲೆ ಗಂಟು ಹಾಕಿದ ಹಗ್ಗದ ಆಕಾರದ ಬಂಗಾರದ ಬಣ್ಣದ ಗುರುತು, ಅದರ ಮೇಲೊಂದು ಕಿರೀಟ ಕಾಣುತ್ತೆ. ಸಾಂಕ್ಟ್ ಪೇಡರ್ಸ್ ಬೀದಿಯಲ್ಲಿರುವ ಬೇಕರಿ 1652ರದ್ದು. ಬುಧವಾರ ಅಲ್ಲಿ ದೊಡ್ಡ ಗಾತ್ರದ ದಾಲ್ಚಿನ್ನಿ ಸುರುಳಿಗಾಗಿ ಜನ ಬರ್ತಾರೆ.

ನಾವು ಡ್ಯಾನಿಶ್ ಪೇಸ್ಟ್ರಿ ಅಂತೀವಲ್ಲ, ಇಲ್ಲಿನವರು ಅದನ್ನ ಹಾಗೆ ಕರೆಯೋದೇ ಇಲ್ಲ. ಅವರಿಗೆ ಅದು 'ವೀನರ್‌ಬ್ರೋಡ್', ಅಂದರೆ ವಿಯೆನ್ನಾದ ಬ್ರೆಡ್. ಆಸ್ಟ್ರಿಯಾದಲ್ಲಿ ಕೇಳಿದರೆ ಇದೇ ಬಗೆಯ ತಿಂಡಿಗೆ 'ಕೋಪನ್‌ಹೇಗನರ್ ಪ್ಲುಂಡರ್' ಅಂತಾರೆ!

ಇದರ ಹಿಂದೆ ಒಂದು ಮುಷ್ಕರ ಇದೆ. 1850ರಲ್ಲಿ ಡೆನ್ಮಾರ್ಕ್‌ನ ಬೇಕರಿ ಕೆಲಸಗಾರರು ಕೆಲಸ ನಿಲ್ಲಿಸಿದರು. ಮಾಲೀಕರು ಹೊರದೇಶದಿಂದ ಜನ ಕರೆಸಿದರು. ಅವರಲ್ಲಿ ಆಸ್ಟ್ರಿಯಾದವರೂ ಇದ್ದರು. ಬಂದವರು ತಮ್ಮೂರಿನ ಪದರದ ತಿಂಡಿ ಮಾಡಿದರು, ಊರಿನವರಿಗೆ ರುಚಿ ಹತ್ತಿತು. ಆಮೇಲೆ ಇಲ್ಲಿನ ಬೇಕರಿಯವರು ಬೆಣ್ಣೆ ಹೆಚ್ಚಿಸಿ ಅದನ್ನ ತಮ್ಮದು ಮಾಡಿಕೊಂಡರು. ಹೊರಗಿನವರು ಬಂದು ನಮ್ಮ ಕೆಲಸ ಮಾಡ್ತಾರೆ ಅನ್ನೋ ಮಾತು ಐಟಿಯವರಿಗೆ ಹೊಸದೇನಲ್ಲ. ವರ್ಕ್ ಪರ್ಮಿಟ್ ಮೇಲೆ ಬಂದಿರೋ ನನಗೆ ಈ ಕಥೆ ಸ್ವಲ್ಪ ಹತ್ತಿರದ್ದು ಅನ್ನಿಸಿತು.

ನಮ್ಮ ಆಫೀಸಿನಲ್ಲಿ ಶುಕ್ರವಾರದ ಬೆಳಗಿನ ತಿಂಡಿ ಸರದಿ ಮೇಲೆ ನಡೆಯುತ್ತೆ. ಈ ಚಳಿಗಾಲ ಟೀಮ್‌ನ ಆರು ಜನ ಒಂದು ಚಾಲೆಂಜ್ ಹಾಕಿಕೊಂಡ್ವಿ: ಎಲ್ಲರೂ ಮನೆಯಲ್ಲೇ ವೀನರ್‌ಬ್ರೋಡ್ ಮಾಡಿ ತರಬೇಕು. ಒಳಗೆ ಏನಾದರೂ ತುಂಬಿರಬೇಕು, ಅಂಗಡಿಯ ರೆಡಿ ಹಾಳೆ ಬಳಸಬಾರದು.

500 ಗ್ರಾಂ ಮೈದಾ, 200 ಮಿಲಿ ತಣ್ಣನೆ ಹಾಲು, ಒಂದು ಮೊಟ್ಟೆ, 25 ಗ್ರಾಂ ಹಸಿ ಯೀಸ್ಟ್, 50 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು. ಪದರಕ್ಕೆ 300 ಗ್ರಾಂ ಬೆಣ್ಣೆ. ಹಿಟ್ಟು ಲಟ್ಟಿಸಿ, ನಡುವೆ ತಣ್ಣನೆ ಬೆಣ್ಣೆಯ ಹಾಳೆ ಇಟ್ಟು ಮುಚ್ಚಿ, ಉದ್ದಕ್ಕೆ ಲಟ್ಟಿಸಿ ಮೂರು ಮಡಿಕೆ ಮಾಡಬೇಕು. ಅರ್ಧ ಗಂಟೆ ತಂಪಿಗಿಟ್ಟು ಮತ್ತೆ ಅದೇ ಕೆಲಸ. ಹೀಗೆ ಮೂರು ಸಲ ಮಾಡಿದರೆ ಬೆಣ್ಣೆಯ 27 ಪದರ. ಹೊರಗೆ 3 ಡಿಗ್ರಿ ಇದ್ದದ್ದರಿಂದ ಬಾಲ್ಕನಿಯೇ ನನ್ನ ಫ್ರಿಜ್! ಓವನ್‌ನಲ್ಲಿ ಬೆಣ್ಣೆಯ ಮತ್ತು ಹಿಟ್ಟಿನ ನೀರು ಆವಿಯಾಗಿ ಪದರಗಳನ್ನ ಮೇಲೆತ್ತುತ್ತೆ. ಬೆಣ್ಣೆ ಮೊದಲೇ ಕರಗಿ ಹಿಟ್ಟಿಗೆ ಸೇರಿದರೆ ಪದರ ಹೋಗಿ ಬನ್ ಆಗುತ್ತೆ.

ವಿಡಿಯೋ ಕಾಲ್‌ನಲ್ಲಿ ನೋಡ್ತಿದ್ದ ಅಮ್ಮ, "ಜೋರಾಗಿ ಒತ್ತಬೇಡ ಕಣೋ, ಚಿರೋಟಿ ಲಟ್ಟಿಸೋ ಹಾಗೆ ಹಗುರವಾಗಿ ಲಟ್ಟಿಸು" ಅಂದರು. ನಿಜ. ತುಪ್ಪ, ಅಕ್ಕಿಹಿಟ್ಟಿನ ಸಾಟಿ ಸವರಿ ಪದರ ಬರಿಸೋದೂ ಇದೇ ವಿದ್ಯೆ, ಅದನ್ನ ಕರಿಯಬೇಕು, ಇದನ್ನ ಬೇಯಿಸಬೇಕು ಅಷ್ಟೇ.

ಇಲ್ಲಿನ ಮಾಮೂಲಿ ಹೂರಣ 'ರೆಮೊನ್ಸ್': ಬೆಣ್ಣೆ, ಸಕ್ಕರೆ, ಬಾದಾಮಿ. ನಾನು ನೋರೆಬ್ರೋದ ಅಂಗಡಿಯಿಂದ ಬೆಲ್ಲ, ಫ್ರೋಜನ್ ಕಾಯಿತುರಿ ತಂದು, ಏಲಕ್ಕಿ ಹಾಕಿ ಉಂಡೆ ಕಟ್ಟೋ ಹದಕ್ಕೆ ಬಾಡಿಸಿದೆ. ನೀರಾಗಿದ್ದರೆ ಸೋರಿಬಿಡುತ್ತೆ. ಚೌಕಾಕಾರದ ತುಂಡುಗಳ ನಡುವೆ ಹೂರಣ ಇಟ್ಟು, ನಾಲ್ಕು ಮೂಲೆ ಮಡಚಿ, ಮುಕ್ಕಾಲು ಗಂಟೆ ಉಬ್ಬೋಕೆ ಬಿಟ್ಟು, 200 ಡಿಗ್ರಿಯಲ್ಲಿ 17 ನಿಮಿಷ.

ನಮ್ಮ ಟೀಮ್‌ನಲ್ಲಿ ಒಬ್ಬ ಹಿರಿಯ ಮಹಿಳೆ ಇದ್ದಾರೆ. ಒಂದಷ್ಟು ಕೆಲಸ ಬೆಂಗಳೂರಿಗೆ ಹೋದ ಮೇಲೆ ಅವರು ನನ್ನ ಹತ್ರ ಕೆಲಸ ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ. ಶುಕ್ರವಾರ ಅವರು ಒಂದು ತಿಂದು, ಇನ್ನೊಂದು ತಗೊಂಡರು. ಒಳಗಿರೋದು ಏನು ಅಂತ ಕೇಳಿದರು. ಹೇಳಿದೆ. "ಇದಕ್ಕೆ ನಿಜವಾಗಿ ವೀನರ್‌ಬ್ರೋಡ್ ಅನ್ನಬಹುದಾ?" ಅಂತ ನಾನೇ ಕೇಳಿದೆ. ಅವರು ನಕ್ಕು, "ವಿಯೆನ್ನಾದವರು ಮಾಡಿದಾಗಲೂ ಇಲ್ಲಿ ಯಾರೋ ಹೀಗೇ ಕೇಳಿರ್ತಾರೆ" ಅಂದರು.

ಚಾಲೆಂಜ್ ಗೆದ್ದದ್ದು ಸೇಬು ತುಂಬಿದ ಇನ್ನೊಬ್ಬರ ಪೇಸ್ಟ್ರಿ. ಆದರೆ ಆ ಮಧ್ಯಾಹ್ನ ಅವರು ರೆಸಿಪಿ ಕೇಳಿ ಮೆಸೇಜ್ ಮಾಡಿದರು. ಹೂರಣ ಅನ್ನೋ ಪದಕ್ಕೆ ನಾನು ಅನುವಾದ ಹುಡುಕಲಿಲ್ಲ, ಹಾಗೇ ಬರೆದು ಕಳಿಸಿದೆ.